ಬಿರುಕುಬಿಟ್ಟ ಗಂಟೆ

ಲಂಡನ್ನಿಗೆ ಹೋದ ಭಾರತೀಯರಲ್ಲಿ ಥೇಮ್ಸ್ ನದಿಯ ದಂಡೆಯ ಗಡಿಯಾರ ಗೋಪುರವನ್ನು ನೋಡದೆ ಹಿಂದಿರುಗುವವರು ವಿರಳ. ಆದರೆ ‘ಬಿಗ್ ಬೆನ್’ ಎಂಬುದು ಮೂಲತಃ ಗೋಪುರದ ಹೆಸರೂ ಅಲ್ಲ, ಗಡಿಯಾರದ ಹೆಸರೂ ಅಲ್ಲ. ಒಳಗೆ ತೂಗುತ್ತಿರುವ ಹಿರಿಯ ಗಂಟೆಯ ಅಡ್ಡಹೆಸರು. ಗೋಪುರಕ್ಕೆ 2012ರಿಂದ ಎಲಿಜಬೆತ್ ರಾಣಿಯ ಹೆಸರಿದೆ.

ಪಕ್ಕದ ಪಾರ್ಲಿಮೆಂಟ್ ಭವನವು ನೋಡುವವರಿಗೆ ಬಹು ಪುರಾತನವೆಂದು ತೋರಿದರೂ ಅದರ ಹೆಚ್ಚಿನ ಭಾಗ ಹತ್ತೊಂಬತ್ತನೆಯ ಶತಮಾನದ್ದು. ಹಿಂದೆ ಅಲ್ಲಿಯ ಬೊಕ್ಕಸದವರು ಮರದ ಕಡ್ಡಿಗಳಲ್ಲಿ ಗೀಟು ಕೊರೆದು ಲೆಕ್ಕವಿಡುತ್ತಿದ್ದರು. ಆ ಪದ್ಧತಿ ನಿಂತುಹೋದ ಮೇಲೆ, 1834ರ ಅಕ್ಟೋಬರ್ 16ರಂದು, ಉಳಿದ ಕಡ್ಡಿಗಳನ್ನು ಪ್ರಭುಗಳ ಸಭೆಯ ಕೆಳಗಿನ ಒಲೆಗಳಿಗೆ ತುಂಬಿ ಸುಟ್ಟರು. ಸಂಜೆಯ ಹೊತ್ತಿಗೆ ಭವನವೇ ಹೊತ್ತಿ ಉರಿಯಿತು. ಹಳೆಯ ಲೆಕ್ಕವನ್ನು ಸುಡಹೊರಟವರು ಮನೆಯನ್ನೇ ಸುಟ್ಟುಕೊಂಡರು! ಮುಂದೆ ಚಾರ್ಲ್ಸ್ ಬ್ಯಾರಿಯ ನಕ್ಷೆಯಂತೆ, ಪ್ಯೂಜಿನ್ನನ ಗಾಥಿಕ್ ಅಲಂಕಾರಗಳೊಡನೆ, ಈಗಿನ ಭವನ ಎದ್ದಿತು.

ಆ ಬೆಂಕಿಯಿಂದ ಪಾರಾಗಿ ಉಳಿದುದರಲ್ಲಿ ಮುಖ್ಯವಾದುದು 1097ರಲ್ಲಿ ಕಟ್ಟಿದ ವೆಸ್ಟ್‌ಮಿನ್‌ಸ್ಟರ್ ಹಜಾರ. 1649ರಲ್ಲಿ ಚಾರ್ಲ್ಸ್ ದೊರೆಗೆ ಮರಣದಂಡನೆ ವಿಧಿಸಿದುದು ಇಲ್ಲಿಯೇ. ನಮ್ಮವರು ಇಲ್ಲಿ ಅರೆಗಳಿಗೆ ನಿಲ್ಲಬೇಕಾದುದಕ್ಕೆ ಇನ್ನೊಂದು ಕಾರಣವುಂಟು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಮೇಲೆ ಎಡ್ಮಂಡ್ ಬರ್ಕ್ ಮೊದಲಾದವರು ಹೊರಿಸಿದ ಅಪರಾಧಗಳ ವಿಚಾರಣೆ 1788ರಲ್ಲಿ ಇಲ್ಲಿ ಆರಂಭವಾಯಿತು. ದೂರದೇಶದ ಪ್ರಜೆಗಳಿಗೆ ಮಾಡಿದ ಅನ್ಯಾಯಕ್ಕೂ ಅಧಿಕಾರಿಯಾದವನು ಉತ್ತರ ಹೇಳಬೇಕೆಂಬುದು ಬರ್ಕನ ವಾದದ ತಿರುಳು. ಏಳು ವರ್ಷಗಳು ಎಳೆದ ಮೇಲೆ, 1795ರಲ್ಲಿ, ಹೇಸ್ಟಿಂಗ್ಸ್ ನಿರ್ದೋಷಿಯೆನಿಸಿ ಹೊರಬಂದ. ಈ ನಡುವೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ, ಟಿಪ್ಪೂ ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದ. ಅತ್ತ ನ್ಯಾಯದ ಮಾತು ನಡೆದಿತ್ತು. ಇತ್ತ ರಾಜ್ಯದ ವಿಸ್ತರಣವೂ ನಡೆದಿತ್ತು.

ಇನ್ನು ಗಡಿಯಾರದ ಕಥೆ. ಗಂಟೆಯ ಮೊದಲ ಹೊಡೆತವು ಒಂದು ಸೆಕೆಂಡಿನಷ್ಟೂ ತಪ್ಪಕೂಡದೆಂದು ಆಸ್ಥಾನ ಖಗೋಳಜ್ಞ ಏರಿಯು ಷರತ್ತು ಹಾಕಿದ. ಅಷ್ಟು ನಿಖರವಾದ ಯಂತ್ರವನ್ನು ರೂಪಿಸಿದವನು ವೃತ್ತಿಯಿಂದ ವಕೀಲನಾದ ಡೆನಿಸನ್. ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನಿಟ್ಟು ವೇಗವನ್ನು ತಿದ್ದುವುದು ಅಲ್ಲಿಯ ರೂಢಿ. ಒಂದು ನಾಣ್ಯವಿಟ್ಟರೆ ದಿನಕ್ಕೆ ಒಂದು ಸೆಕೆಂಡಿನ ಐದನೆಯ ಎರಡು ಭಾಗದಷ್ಟು ವ್ಯತ್ಯಾಸ. ಗಂಟೆಯದು ಮಾತ್ರ ದುರದೃಷ್ಟ. ಮೊದಲು ಎರಕ ಹೊಯ್ದುದು ಪರೀಕ್ಷೆಯಲ್ಲಿಯೇ ಒಡೆಯಿತು. 1858ರಲ್ಲಿ ಮತ್ತೆ ಎರೆದ, ಹದಿಮೂರು ಟನ್ನಿಗೂ ಮಿಗಿಲಾದ ಗಂಟೆ 1859ರ ಜುಲೈನಲ್ಲಿ ನುಡಿಯತೊಡಗಿ ಸೆಪ್ಟೆಂಬರಿನಲ್ಲಿ ಬಿರುಕುಬಿಟ್ಟಿತು. ಸುಮಾರು ನಾಲ್ಕು ವರ್ಷ ಮೌನವಾಗಿದ್ದ ಅದನ್ನು ತುಸು ತಿರುಗಿಸಿ, ಹಗುರವಾದ ಸುತ್ತಿಗೆಯನ್ನು ಹೂಡಿದರು. ಆ ಬಿರುಕು ಇಂದಿಗೂ ಇದೆ. ಜಗತ್ತು ಕೇಳುವ ನಾದ ಒಡಕು ಗಂಟೆಯದು.

ಈ ಸಭೆಯ ನಾದದಲ್ಲಿಯೂ ನಮಗೆ ಒಂದು ಒಡಕು ಕೇಳಿಸದಿರದು. ತಮ್ಮವರ ಸ್ವಾತಂತ್ರ್ಯಕ್ಕಾಗಿ ದೊರೆಯನ್ನೇ ಎದುರಿಸಿದ ಸಭೆ, ಭಾರತೀಯರನ್ನು ಕೇಳದೆಯೇ ಭಾರತಕ್ಕೆ ಶಾಸನಗಳನ್ನು ಮಾಡಿತು. 1892ರಲ್ಲಿ ದಾದಾಭಾಯಿ ನವರೋಜಿಯವರು ಲಂಡನ್ನಿನದೇ ಕ್ಷೇತ್ರದಿಂದ ಚುನಾಯಿತರಾಗಿ ಬಂದು ನಮ್ಮ ಬಡತನದ ಲೆಕ್ಕವನ್ನು ಅದರ ಮುಂದಿಟ್ಟರು. ಕಡೆಗೆ 1947ರ ಜುಲೈನಲ್ಲಿ ಭಾರತದ ಸ್ವಾತಂತ್ರ್ಯದ ಶಾಸನವನ್ನೂ ಇದೇ ಪಾರ್ಲಿಮೆಂಟು ಅಂಗೀಕರಿಸಿತು.

1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬಿಗೆ ಸಾಮಾನ್ಯರ ಸಭೆಯ ಸಭಾಂಗಣ ನಾಶವಾಯಿತು. 1950ರಲ್ಲಿ ಅದನ್ನು ಹಿಂದಿನ ಅಳತೆಯಲ್ಲಿಯೇ ಮರಳಿ ಕಟ್ಟಿ ತೆರೆದಾಗ, ಕಾಮನ್‌ವೆಲ್ತ್ ರಾಷ್ಟ್ರಗಳು ಉಡುಗೊರೆಗಳನ್ನು ಕಳುಹಿಸಿದವು. ಸಭಾಪತಿಯ ಪೀಠ ಆಸ್ಟ್ರೇಲಿಯದ್ದು, ಮೇಜು ಕೆನಡಾದ್ದು. ಭಾರತ ಮತ್ತು ಪಾಕಿಸ್ತಾನಗಳು ಕೊಟ್ಟುದು ಪ್ರವೇಶದ್ವಾರದ ಬಾಗಿಲುಗಳನ್ನು. ಗೋಪುರದ ಗಂಟೆಯನ್ನು ಕೇಳಲು ಹೋದವರು ಈ ಬಾಗಿಲುಗಳನ್ನೂ ನೋಡಿ ಬರುವುದು ಲೇಸು. ಒಂದು ಕಾಲಕ್ಕೆ ನಮ್ಮ ದನಿಗೆ ಎಡೆಯಿಲ್ಲದಿದ್ದ ಆ ಸಭೆಯೊಳಕ್ಕೆ ಇಂದು ಸದಸ್ಯರು ಹೋಗುವುದು ನಾವು ಕೊಟ್ಟ ಬಾಗಿಲನ್ನು ದಾಟಿ.