'ವಿಷಯ' ಕಾಲಂ ಬರೆಯೋರು ಯಾರು?



ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಕಚೇರಿಯಲ್ಲಿ ಗುಮಾಸ್ತ. ಟಪಾಲು ಬಂದರೆ ಇನ್‌ವರ್ಡ್ ರಿಜಿಸ್ಟರಿಗೆ ಹತ್ತಿಸೋದು ನನ್ನ ಕೆಲಸ. ನಾಲ್ಕು ಪುಟದ ಅರ್ಜಿ ಇದ್ದರೂ 'ವಿಷಯ' ಅನ್ನೋ ಕಾಲಂನಲ್ಲಿ ಒಂದೇ ಸಾಲು ಬರೀಬೇಕು. ಆ ಸಾಲು ತಪ್ಪಾದರೆ ಅರ್ಜಿ ತಪ್ಪು ಟೇಬಲ್ಲಿಗೆ ಹೋಗುತ್ತೆ, ಅಲ್ಲೇ ಕೊಳೆಯುತ್ತೆ.

ಪತ್ರಿಕೆ ಕೆಲಸವೂ ಇದೇ. ನಾನು ಪಿಯುಸಿ ಓದುವಾಗ ನಮ್ಮೂರಲ್ಲಿ ನೀರಿನ ವಿಚಾರಕ್ಕೆ ನಮ್ಮ ಕೇರಿಯವರನ್ನ ಹೊಡೆದರು. ಮೂರನೇ ದಿನಕ್ಕೆ ಪೇಪರಲ್ಲಿ ಬಂತು: ಎರಡು ಗುಂಪುಗಳ ನಡುವೆ ಘರ್ಷಣೆ. ಅಷ್ಟೇ. ಹೊಡೆದವರು ಒಂದು ಗುಂಪು, ಹೊಡೆಸಿಕೊಂಡವರೂ ಒಂದು ಗುಂಪು! ನಮ್ಮಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ.

ಈ 'ವಿಷಯ' ಕಾಲಂ ಯಾರ ಕೈಲಿರಬೇಕು ಅನ್ನೋದನ್ನ ನೂರು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿದ್ದ ಒಬ್ಬ ಪತ್ರಕರ್ತರಿದ್ದರು. ಬಾಬಾಸಾಹೇಬರು. ಸಂವಿಧಾನ ಶಿಲ್ಪಿ ಅಂತ ಫೋಟೋ ಹಾಕಿ ಹಾರ ಹಾಕ್ತೀವಿ. ಅವರು ಸಂಪಾದಕರಾಗಿ ಪಟ್ಟ ಪಾಡು ನಮಗೆಷ್ಟು ಗೊತ್ತು?

1920ರ ಜನವರಿ 31. ಮುಂಬೈನಿಂದ 'ಮೂಕನಾಯಕ' ಅನ್ನೋ ಮರಾಠಿ ಪಾಕ್ಷಿಕ ಹೊರಬಂತು. ಬಾಬಾಸಾಹೇಬರು ಆಗ ಸರ್ಕಾರಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಹಾಗಾಗಿ ಸಂಪಾದಕರ ಜಾಗದಲ್ಲಿ ಇದ್ದದ್ದು ಪಾಂಡುರಂಗ ಭಟ್ಕರ್ ಅವರ ಹೆಸರು. ನೌಕರಿಯಲ್ಲಿದ್ದು ಹೋರಾಟ ಮಾಡೋರಿಗೆ ಇದರ ಕಷ್ಟ ಗೊತ್ತು. ಕೊಲ್ಹಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು. ಪತ್ರಿಕೆ ಬರ್ತಿದೆ ಅಂತ ಜಾಹೀರಾತು ಹಾಕಿ, ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಹಾಕಲಿಲ್ಲ. ಇದನ್ನ ಬಾಬಾಸಾಹೇಬರೇ ಮುಂದೆ ಬರೆದುಕೊಂಡಿದ್ದಾರೆ.

ಅದೇ ವರ್ಷ ಅವರು ಓದೋಕೆ ಲಂಡನ್ನಿಗೆ ಹೋದರು. 1923ರಲ್ಲಿ ಮೂಕನಾಯಕ ನಿಂತೇ ಹೋಯಿತು.

ಮತ್ತೆ ಪೆನ್ನು ಹಿಡಿದದ್ದು 1927ರಲ್ಲಿ. ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆ ನೀರು ಮುಟ್ಟಿದರು. ಗುಡಿಗೂ ನುಗ್ತಾರೆ ಅಂತ ಯಾರೋ ಪುಕಾರು ಎಬ್ಬಿಸಿದರು. ಊಟಕ್ಕೆ ಕೂತಿದ್ದ ನಮ್ಮ ಜನರ ಮೇಲೆ ಹಲ್ಲೆ ಆಯಿತು. ಎರಡೇ ವಾರಕ್ಕೆ, ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ಶುರು.

ಇಲ್ಲೇ ಗಮನಿಸಿ. ಮಹಾಡದ ಘಟನೆಗೂ 'ಘರ್ಷಣೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಕೆರೆಗೆ ಒಂದು ಫೈಲ್ ಇತ್ತು! ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ 1923ರಲ್ಲೇ ಮುಂಬೈ ಶಾಸನ ಪರಿಷತ್ತು ಬೋಲೆ ಅವರ ನಿರ್ಣಯ ಪಾಸು ಮಾಡಿತ್ತು. 1924ರಲ್ಲಿ ಮಹಾಡ ಪುರಸಭೆಯೂ ಒಪ್ಪಿತ್ತು. ಆದೇಶ ಇದೆ, ಜಾರಿ ಇಲ್ಲ. ಅಂದ ಮೇಲೆ ವಿಷಯ ಜಗಳ ಅಲ್ಲ, ಹಕ್ಕು. ಬಾಬಾಸಾಹೇಬರು ಸಂಪಾದಕೀಯಗಳಲ್ಲಿ ಸವರ್ಣೀಯರ ಜವಾಬ್ದಾರಿ ಏನು, ಇಂಗ್ಲಿಷ್ ಸರ್ಕಾರದ ಜವಾಬ್ದಾರಿ ಏನು, ನಮ್ಮವರ ಜವಾಬ್ದಾರಿ ಏನು ಅಂತ ಒಂದೊಂದಾಗಿ ಬಿಡಿಸಿ ಇಟ್ಟರು. 'ಅಯ್ಯೋ ಪಾಪ' ಅನ್ನಿಸೋ ಬರಹ ಅಲ್ಲ ಅದು, ಲೆಕ್ಕ ಕೇಳೋ ಬರಹ.

ಸಿಬ್ಬಂದಿ ಇರಲಿಲ್ಲ. 24 ಕಾಲಂ ಒಬ್ಬರೇ ಬರೆದು ತುಂಬಿಸಬೇಕಾಗಿತ್ತು. ವಕೀಲಿಕೆ, ಸಭೆ, ಓಡಾಟ ಎಲ್ಲದರ ಜೊತೆ ಇದು. ಪತ್ರಿಕೆಯ ಋಣದ ಬಗ್ಗೆಯೇ 1928ರಲ್ಲಿ ಓದುಗರಿಗೆ ಬರೆಯಬೇಕಾಯಿತು. 1929ರಲ್ಲಿ ಅದೂ ನಿಂತಿತು. ಸುಮ್ಮನಾದರಾ? ಇಲ್ಲ. 1930ರಲ್ಲಿ 'ಜನತಾ'. ಅದೇ 1956ರಲ್ಲಿ 'ಪ್ರಬುದ್ಧ ಭಾರತ' ಆಯಿತು. ಅಂದರೆ 1920ರಿಂದ ಬದುಕಿನ ಕೊನೇ ವರ್ಷದವರೆಗೂ ಪತ್ರಿಕೆಯ ನಂಟು ಬಿಡಲಿಲ್ಲ.

ಆಮೇಲೆ ಏನಾಯಿತು? 1996ರಲ್ಲಿ ಬಿ.ಎನ್. ಉನಿಯಾಲ್ ಅನ್ನೋ ಹಿರಿಯ ಪತ್ರಕರ್ತರನ್ನ ಒಬ್ಬ ವಿದೇಶಿ ವರದಿಗಾರ ಕೇಳಿದ, ದಲಿತ ಪತ್ರಕರ್ತರು ಯಾರಾದರೂ ಇದ್ದರೆ ಹೇಳಿ ಅಂತ. ಉನಿಯಾಲ್ ಯೋಚಿಸಿದರು. ಮೂವತ್ತು ವರ್ಷದ ವೃತ್ತಿಯಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ದೆಹಲಿಯಲ್ಲಿ ಸರ್ಕಾರಿ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ತೆಗೆದು ಹುಡುಕಿದರು. ಹೆಸರಿಂದ ಜಾತಿ ಗೊತ್ತಾಗದವರಲ್ಲಿ 47 ಜನಕ್ಕೆ ವಿಚಾರಿಸಿದರು. ಒಬ್ಬರೂ ದಲಿತರಲ್ಲ. ಅದನ್ನ ಮುಚ್ಚಿಡದೆ 'ಪಯೋನಿಯರ್' ಪತ್ರಿಕೆಯಲ್ಲಿ ಬರೆದರು, ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ 2019ರ ಆಕ್ಸ್‌ಫಾಮ್–ನ್ಯೂಸ್‌ಲಾಂಡ್ರಿ ವರದಿ ನೋಡಿ: ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಸವರ್ಣೀಯರದ್ದು. ಎಸ್‌ಸಿ, ಎಸ್‌ಟಿ ಸೊನ್ನೆ.

ನಮ್ಮ ನೋವಿನ ಕಥೆ ಬರೆಯೋ ಒಳ್ಳೆ ಮನಸ್ಸಿನ ಪತ್ರಕರ್ತರು ಬೇರೆ ಜಾತಿಗಳಲ್ಲೂ ಇದ್ದಾರೆ. ಅವರ ಬಗ್ಗೆ ಗೌರವ ಇದೆ. ಆದರೆ ಯಾವ ಸುದ್ದಿ ಮೊದಲ ಪುಟಕ್ಕೆ, ಯಾವುದು ಒಳಪುಟಕ್ಕೆ ಅಂತ ನಿರ್ಧರಿಸೋ ಕುರ್ಚಿಯಲ್ಲಿ ನಮ್ಮವರು ಇಲ್ಲದಿದ್ದರೆ 'ಹಲ್ಲೆ' ಮತ್ತೆ ಮತ್ತೆ 'ಘರ್ಷಣೆ'ಯೇ ಆಗುತ್ತೆ.

ನಮ್ಮ ನಾಡಲ್ಲೂ ಪರಂಪರೆ ಇದೆ. ದಲಿತ ಚಳವಳಿ ಕಟ್ಟಿದವರು ಮೈಸೂರಿನಿಂದ 'ಪಂಚಮ' ಪತ್ರಿಕೆ ತಂದರು. ಅದನ್ನ ನೆನೆದು ಹೆಮ್ಮೆಪಟ್ಟರೆ ಸಾಲದು. ಇವತ್ತು ನಮ್ಮ ಹುಡುಗ ಹುಡುಗಿಯರು ಪತ್ರಿಕೆ, ಚಾನೆಲ್ ನಡೆಸ್ತಿದ್ದರೆ ಬರೀ ಲೈಕ್ ಒತ್ತಬೇಡಿ, ಚಂದಾ ಕಟ್ಟಿ. ಜಯಂತಿಗೆ ಹಾಕೋ ಒಂದು ಫ್ಲೆಕ್ಸಿನ ದುಡ್ಡು ಸಾಕು. ಮನೆಯಲ್ಲಿ ಚೆನ್ನಾಗಿ ಬರೆಯೋ ಮಗು ಇದ್ದರೆ 'ಪತ್ರಿಕೋದ್ಯಮ ಯಾಕೆ, ಸರ್ಕಾರಿ ಕೆಲಸ ನೋಡು' ಅಂತ ಅನ್ನಬೇಡಿ. ನಾನೂ ಹಾಗೆ ಅನ್ನಿಸಿಕೊಂಡೇ ಗುಮಾಸ್ತ ಆದವನು.

ರಿಜಿಸ್ಟರಲ್ಲಿ ದಿನಾ ಬೇರೆಯವರ ವಿಷಯ ಬರೀತೀನಿ. ನಮ್ಮ ವಿಷಯ ನಾವೇ ಬರೆಯೋಣ.

ಜೈ ಭೀಮ್.