ಹಳೆಯ ಚಿತ್ರ, ಹೊಸ ರೂಪ
ಚಿತ್ರದುರ್ಗದ ಕೋಟೆಯನ್ನು ಹಿನ್ನೆಲೆಯಾಗಿ ಉಳ್ಳ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಇದನ್ನು ನಿರ್ದೇಶಿಸಿದ್ದರು. 2018ರ ಜುಲೈಯಲ್ಲಿ ಇದೇ ಚಿತ್ರ ಡಿಜಿಟಲ್ ರೂಪದಲ್ಲಿ, ಸಿನಿಮಾಸ್ಕೋಪ್ ಚೌಕಟ್ಟು ಹಾಗೂ 7.1 ಧ್ವನಿಯೊಂದಿಗೆ ಮತ್ತೆ ಬಂದಿತು. ಇಂಥ ನವೀಕರಣದಲ್ಲಿ ಸಿಗುವುದೇನು, ಕಳೆದುಹೋಗುವುದೇನು?

ನೆಗೆಟಿವ್ ಸುಸ್ಥಿತಿಯಲ್ಲಿದ್ದರೆ ದೃಶ್ಯದ ಸೂಕ್ಷ್ಮ ವಿವರಗಳು ಅದರಲ್ಲೇ ಇರುತ್ತವೆ. ಗೀರು, ಧೂಳನ್ನು ಅಳಿಸಿದರೆ ಕಾಣುತ್ತವೆ. ಚಿತ್ರ ಮತ್ತು ಬರಹದ ಮೂಲಕ ಕಥೆ ಹೇಳುವ ಜಪಾನಿನ ಹಳೆಯ ವಿಡಿಯೋ ಆಟಗಳಿಗೆ ಈ ಅನುಕೂಲವಿಲ್ಲ. 1988ರ ‘ಫ್ಯಾಮಿಕಾಂ ಡಿಟೆಕ್ಟಿವ್ ಕ್ಲಬ್’ ಆಟದ ಯಂತ್ರ ತೋರಿಸುತ್ತಿದ್ದುದು 256×240 ಬಿಂದುಗಳನ್ನು ಮಾತ್ರ. ಆದ್ದರಿಂದ 2021ರ ಆವೃತ್ತಿಗೆ ಚಿತ್ರಗಳನ್ನು ಹೊಸದಾಗಿಯೇ ಬರೆಯಬೇಕಾಯಿತು.

ಫಿಲ್ಮಿಗೂ ಮಿತಿಯಿದೆ. 1.37:1 ಚೌಕಟ್ಟನ್ನು ಹಿಗ್ಗಿಸದೆ 2.35:1ಕ್ಕೆ ಹೊಂದಿಸಿದರೆ ಎತ್ತರದಲ್ಲಿ ಸುಮಾರು ಶೇ. 42ರಷ್ಟನ್ನು ಕತ್ತರಿಸಬೇಕು. ಬಂಡೆಯ ತುದಿಯೋ ನಟನ ಪಾದವೋ ಹೋಗುತ್ತದೆ. 7.1 ಎಂದರೆ ಎಂಟು ವಾಹಿನಿಗಳು. ಒಂದೇ ವಾಹಿನಿಯ ಹಳೆಯ ಧ್ವನಿಯನ್ನು ಎಂಟಕ್ಕೆ ಹಂಚಿದಾಗ ಕೇಳುವ ದಿಕ್ಕು ತಂತ್ರಜ್ಞರ ರಚನೆ, ಮೂಲದ ದಾಖಲೆಯಲ್ಲ.

ಹೊಸ ಪ್ರೇಕ್ಷಕರಿಗೆ ಹೊಸ ರೂಪ ಬೇಕು, ನಿಜ. ಆದರೆ ಮೂಲ ನೆಗೆಟಿವ್ ಹಾಳಾದರೆ, ಇಲ್ಲವಾದ ಭಾಗವನ್ನು ಗಣಕ ಊಹಿಸಿ ತುಂಬಬಹುದೇ ಹೊರತು ಮರಳಿ ತರಲಾರದು. ಅದನ್ನು ತಂಪಾದ, ಒಣ ಜಾಗದಲ್ಲಿ ಕಾಪಾಡುವುದೇ ನವೀಕರಣದ ಮೊದಲ ಹೆಜ್ಜೆ.