ಅಗ್ನಿಶಾಮಕ ಯಂತ್ರಗಳ ಯೋಗಕ್ಷೇಮ

ಇಲ್ಲದುದನ್ನು ಸಂಪಾದಿಸುವುದು ಯೋಗವೆಂದೂ, ಸಂಪಾದಿಸಿದುದನ್ನು ಕೆಡದಂತೆ ಕಾಪಾಡುವುದು ಕ್ಷೇಮವೆಂದೂ ನಮ್ಮ ಪೂರ್ವಾಚಾರ್ಯರು ವಿಭಾಗಿಸಿರುವರು. ಈ ಎರಡು ಶಬ್ದಗಳನ್ನು ಒಂದೇ ಸಮಾಸದಲ್ಲಿ ಸೇರಿಸಿ ನುಡಿಯುವುದು ರೂಢಿಯಾದುದರಿಂದ ಅವುಗಳ ಭೇದವು ನಮಗೆ ಬಹುಮಟ್ಟಿಗೆ ಮರೆತುಹೋಗಿದೆ. ಯಂತ್ರಗಳ ಚರಿತ್ರೆಯನ್ನು ಬರೆಯುವವರಂತೂ ಯೋಗವನ್ನು ವಿಸ್ತಾರವಾಗಿ ವರ್ಣಿಸಿ ಕ್ಷೇಮವನ್ನು ಕೈಬಿಡುವರು. ಇಂಥ ಯಂತ್ರವನ್ನು ಇಂಥವನು ಇಂಥ ವರ್ಷದಲ್ಲಿ ಕಲ್ಪಿಸಿದನೆಂಬುದು ಗ್ರಂಥಗಳಲ್ಲಿ ದೊರೆಯುತ್ತದೆ. ಅದನ್ನು ತೊಳೆದು, ಒರೆಸಿ, ಎಣ್ಣೆ ಹಾಕಿ ಸಿದ್ಧವಾಗಿಟ್ಟವರ ಸುದ್ದಿಯು ದೊರೆಯುವುದಿಲ್ಲ. ಇತರ ಯಂತ್ರಗಳ ವಿಷಯದಲ್ಲಿ ಇದು ಕ್ಷಮ್ಯವಾದ ಲೋಪವಾಗಬಹುದು. ನಿತ್ಯವೂ ತಿರುಗುವ ಗಾಣವು ಕೆಟ್ಟರೆ ಆ ದಿನವೇ ಗೊತ್ತಾಗುವುದು, ಮರುದಿನ ಸರಿಪಡಿಸಬಹುದು. ಬೆಂಕಿಯನ್ನು ಆರಿಸುವ ಯಂತ್ರವು ಹಾಗಲ್ಲ. ಅದು ತಿಂಗಳುಗಟ್ಟಲೆ ಸುಮ್ಮನೆ ನಿಂತಿದ್ದು, ಒಂದು ಮುಹೂರ್ತದಲ್ಲಿ ತಪ್ಪದೆ ನಡೆಯಬೇಕು. ಅದರ ದೋಷವು ಪ್ರಕಟವಾಗುವುದು ಮನೆ ಉರಿಯುತ್ತಿರುವಾಗಲೇ. ಆದುದರಿಂದ ಈ ಯಂತ್ರದ ಚರಿತ್ರೆಯು ಯೋಗಕ್ಕಿಂತ ಹೆಚ್ಚಾಗಿ ಕ್ಷೇಮದ ಚರಿತ್ರೆಯೆಂಬುದೇ ಈ ಲೇಖನದ ಪ್ರತಿಜ್ಞೆ.

ಮೊದಲು ನಮ್ಮ ದೇಶದ ಪ್ರಮಾಣವನ್ನು ನೋಡೋಣ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಶ್ರೀ ಆರ್. ಶಾಮಶಾಸ್ತ್ರಿಗಳು ೧೯೦೯ ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾಗರಿಕನೆಂಬ ಪುರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ, ಗ್ರೀಷ್ಮಕಾಲದ ಅಗ್ನಿಪ್ರತೀಕಾರವು ವಿಧಿಸಲ್ಪಟ್ಟಿದೆ. ಮನೆಯವರು ಐದು ನೀರಿನ ಕೊಡಗಳನ್ನೂ, ಕುಂಭ, ದ್ರೋಣಿ, ಏಣಿ, ಕೊಡಲಿ, ಮೊರ, ಅಂಕುಶ, ಹುಲ್ಲನ್ನು ಹಿಡಿದು ಸೆಳೆಯುವ ಕಚಗ್ರಹಣಿ, ದೃತಿಯೆಂಬ ಚರ್ಮದ ನೀರುಚೀಲ ಇವುಗಳನ್ನೂ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಕಾಲು ಪಣ ದಂಡ. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ಬಾಗಿಲುಗಳಲ್ಲಿಯೂ ನೀರಿನ ಪಾತ್ರೆಗಳು ಸಾವಿರಗಟ್ಟಲೆ ಸಾಲಾಗಿರಬೇಕು. ಉರಿಯುವ ಮನೆಯನ್ನು ಉಳಿಸಲು ಓಡಿಬಾರದ ಒಡೆಯನಿಗೆ ೧೨ ಪಣ, ಬಾಡಿಗೆಯವನಿಗೆ ೬ ಪಣ, ಅಜಾಗರೂಕತೆಯಿಂದ ಬೆಂಕಿ ಹೊತ್ತಿಸಿದವನಿಗೆ ೫೪ ಪಣ ದಂಡ. ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಉಪಕರಣವಿಲ್ಲದವನಿಗೆ ವಿಧಿಸಿದ ಕಾಲು ಪಣವು ಬೆಂಕಿ ಬಿದ್ದ ಮೇಲಿನ ದಂಡವಲ್ಲ. ಬೆಂಕಿ ಬೀಳದಿರುವಾಗಲೇ ತೆರಬೇಕಾದ ದಂಡ. ಮನೆ ಉರಿಯುವಾಗ ಬಾವಿ ತೋಡುವವನನ್ನು ಭರ್ತೃಹರಿಯು ವೈರಾಗ್ಯಶತಕದಲ್ಲಿ ದೃಷ್ಟಾಂತವಾಗಿ ತಂದಿರುವನು. ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ. ಕವಿಯು ನಿಂದಿಸಿದ ದೋಷವನ್ನು ಅರ್ಥಶಾಸ್ತ್ರಕಾರನು ಮುಂಚಿತವಾಗಿಯೇ ದಂಡಿಸಿದನು.

ಇನ್ನು ಪಾಶ್ಚಾತ್ಯ ದೇಶಗಳ ಕಡೆಗೆ ತಿರುಗೋಣ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನು ಎರಡು ಉರುಳೆಗಳೂ ಕವಾಟಗಳೂ ಉಳ್ಳ ಒತ್ತುಪಂಪನ್ನು ಕಲ್ಪಿಸಿದನು. ವಿಟ್ರೂವಿಯಸನು ತನ್ನ ವಾಸ್ತುಗ್ರಂಥದ ಹತ್ತನೆಯ ಅಧಿಕರಣದಲ್ಲಿ ಇದನ್ನು ವಿವರಿಸಿರುವನು; ಹೀರೋ ಎಂಬುವನು ಇದನ್ನು ಬೆಂಕಿಗೆ ಉಪಯೋಗಿಸುವ ಕ್ರಮವನ್ನು ಹೇಳಿರುವನು. ಕ್ರಿ. ಶ. ೬ ರಲ್ಲಿ ಆಗಸ್ಟಸ್ ಚಕ್ರವರ್ತಿಯು ರೋಮಿನ ೧೪ ವಿಭಾಗಗಳಿಗೆ ೭ ದಳಗಳ ರಾತ್ರಿಕಾವಲುಗಾರರನ್ನು ನಿಯಮಿಸಿದನು. ಪಂಪನ್ನು ನಡೆಯಿಸುವವರಿಗೂ ನೀರು ಒದಗಿಸುವವರಿಗೂ ಆ ದಳಗಳಲ್ಲಿ ಬೇರೆಬೇರೆ ಹೆಸರುಗಳಿದ್ದುವು. ಇಂತು ರಾಜಧಾನಿಯಲ್ಲಿ ಯೋಗಕ್ಷೇಮಗಳೆರಡೂ ಕೂಡಿದ್ದುವು. ಪ್ರಾಂತಗಳಲ್ಲಿ ಹಾಗಿರಲಿಲ್ಲ. ಎರಡನೆಯ ಶತಮಾನದ ಆದಿಯಲ್ಲಿ ಬಿಥೀನಿಯ ಪ್ರಾಂತವನ್ನು ಆಳುತ್ತಿದ್ದ ಕಿರಿಯ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರವೊಂದರಲ್ಲಿ, ನಿಕೊಮೀಡಿಯ ಪಟ್ಟಣದಲ್ಲಿ ದೊಡ್ಡ ಬೆಂಕಿಯೆದ್ದು ಅನೇಕ ಮನೆಗಳು ಸುಟ್ಟುಹೋದುವೆಂದೂ, ಊರಿನಲ್ಲಿ ಒಂದು ಪಂಪಾಗಲಿ ಒಂದು ಬಕೆಟ್ಟಾಗಲಿ ಇರಲಿಲ್ಲವೆಂದೂ, ಜನರು ಸುಮ್ಮನೆ ನಿಂತು ನೋಡುತ್ತಿದ್ದರೆಂದೂ ತಿಳಿಸಿ, ೧೫೦ ಮಂದಿಯ ಅಗ್ನಿಶಾಮಕ ಸಂಘವೊಂದನ್ನು ಸ್ಥಾಪಿಸಲು ಅನುಜ್ಞೆ ಬೇಡಿದನು. ಇಂಥ ಸಂಘಗಳು ರಾಜಕೀಯ ಕೂಟಗಳಾಗುವುವೆಂಬ ಶಂಕೆಯಿಂದ ಚಕ್ರವರ್ತಿಯು ಅನುಜ್ಞೆಯನ್ನು ಕೊಡದೆ, ಉಪಕರಣಗಳನ್ನು ಒದಗಿಸಿ ಮನೆಯವರೇ ಬಳಸಿಕೊಳ್ಳಲೆಂದು ಉತ್ತರವಿತ್ತನು. ಉಪಕರಣಗಳಿಗೆ ಅನುಮತಿ ದೊರೆಯಿತು, ಉಪಕರಣಪಾಲಕರಿಗೆ ದೊರೆಯಲಿಲ್ಲ. ಒಂದಿದ್ದರೆ ಮತ್ತೊಂದು ತಾನಾಗಿ ಬರುವುದೆಂಬ ಈ ಭ್ರಾಂತಿಯು ಮುಂದೆ ಬಹುಕಾಲ ಉಳಿಯಿತು.

೧೬೭೨ ರಲ್ಲಿ ಆಮ್‌ಸ್ಟರ್‌ಡಾಮಿನ ಚಿತ್ರಕಾರನಾದ ಯಾನ್ ವಾನ್ ಡರ್ ಹೇಡನನು ತನ್ನ ಸೋದರನೊಡನೆ ಕೂಡಿ, ಪಂಪಿಗೆ ಬಗ್ಗುವ ಚರ್ಮದ ಕೊಳವೆಯನ್ನು ಜೋಡಿಸಿದನು. ೫೦ ಅಡಿಯ ತುಂಡುಗಳನ್ನು ಹಿತ್ತಾಳೆಯ ತಿರುಪುಗಳಿಂದ ಕೂಡಿಸಿ ಬೇಕಾದಷ್ಟು ಉದ್ದಕ್ಕೆ ಬೆಳೆಯಿಸಬಹುದಾಗಿದ್ದಿತು. ಅದುವರೆಗೆ ಬೀದಿಯಲ್ಲಿ ನಿಂತು ಗೋಡೆಗೆ ನೀರೆರಚುತ್ತಿದ್ದವರು ಇದರಿಂದ ಬೆಂಕಿಯ ಮೂಲಕ್ಕೇ ನೀರನ್ನು ಕೊಂಡೊಯ್ಯಲು ಸಮರ್ಥರಾದರು. ೧೬೯೦ ರಲ್ಲಿ ಈತನು ತನ್ನ ಯಂತ್ರಗಳ ವಿಷಯವಾಗಿ ಸಚಿತ್ರ ಗ್ರಂಥವನ್ನು ಪ್ರಕಟಿಸಿದನು. ಆದರೆ ಚರ್ಮದ ಸ್ವಭಾವವು ಎಲ್ಲರೂ ಬಲ್ಲದ್ದು. ಒದ್ದೆಯಾಗಿಟ್ಟರೆ ಕೊಳೆಯುವುದು, ಒಣಗಿಸಿಟ್ಟರೆ ಬಿರಿಯುವುದು. ಪ್ರತಿಯೊಂದು ಬೆಂಕಿಯ ಅನಂತರವೂ ಕೊಳವೆಗಳನ್ನು ತೊಳೆದು, ನೀರಿಳಿಸಿ, ಕೊಬ್ಬು ಅಥವಾ ಎಣ್ಣೆಯನ್ನು ತಿಕ್ಕಿ ಮೆತ್ತಗಿಡುವುದು ಅನಿವಾರ್ಯವಾಯಿತು. ಹೀಗೆ ಹೊಸ ಯೋಗವು ಹೊಸ ಕ್ಷೇಮವನ್ನು ಬೇಡಿತು.

ಲಂಡನ್ ನಗರದಲ್ಲಿ ೧೬೬೬ ರ ಮಹಾಗ್ನಿಯು ೧೩,೨೦೦ ಮನೆಗಳನ್ನೂ ೮೭ ಇಗರ್ಜಿಗಳನ್ನೂ ನುಂಗಿದ ತರುವಾಯ, ೧೭೦೭ ರ ಶಾಸನವು ಪ್ರತಿಯೊಂದು ಪ್ಯಾರಿಷ್ ಎಂಬ ಇಗರ್ಜಿಯ ವಿಭಾಗವೂ ಯಂತ್ರವನ್ನಿಟ್ಟಿರಬೇಕೆಂದು ವಿಧಿಸಿತು. ೧೭೭೪ ರ ಶಾಸನದಲ್ಲಿ ಬೆಂಕಿಯೆಡೆಗೆ ಮೊದಲು ಬಂದ ಯಂತ್ರಕ್ಕೆ ೩೦ ಷಿಲ್ಲಿಂಗ್, ಎರಡನೆಯದಕ್ಕೆ ೨೦, ಮೂರನೆಯದಕ್ಕೆ ೧೦ ಎಂದು ಬಹುಮಾನವನ್ನೂ ಹೇಳಿದ್ದಿತು. ಫಲವೇನಾಯಿತೆಂಬುದನ್ನು ಸಾಹಿತ್ಯೋಪಾಧ್ಯಾಯರು ಚಾರ್ಲ್ಸ್ ಡಿಕನ್ಸನ ಪ್ರಥಮ ಕೃತಿಯಲ್ಲಿಯೇ ಕಾಣಬಹುದು. ೧೮೩೬ ರಲ್ಲಿ ಪುಸ್ತಕರೂಪವಾಗಿ ಬಂದ ಬಾಜ್‌ನ ಚಿತ್ರಗಳಲ್ಲಿ, ಪ್ಯಾರಿಷ್ಷಿನ ಯಂತ್ರವೊಂದು ಎಲ್ಲರಿಗಿಂತ ಮೊದಲು ಬೆಂಕಿಯೆಡೆಗೆ ಬರುತ್ತದೆ, ನೀರು ಸಮೃದ್ಧವಾಗಿದೆ, ಜನರು ಜಯಘೋಷ ಮಾಡುವರು, ಹದಿನೆಂಟು ಹುಡುಗರೂ ಒಬ್ಬ ಗಂಡಸೂ ಇಪ್ಪತ್ತು ನಿಮಿಷ ಪಂಪನ್ನೊತ್ತಿ ದಣಿದ ಮೇಲೆ, ಯಂತ್ರಕ್ಕೆ ನೀರು ತುಂಬುವ ಕ್ರಮವು ಅಲ್ಲಿ ಯಾರಿಗೂ ತಿಳಿಯದೆಂಬುದು ಗೊತ್ತಾಗುತ್ತದೆ. ಇದು ಹಾಸ್ಯವೆಂಬುದು ನಿಜ. ಆದರೆ ಶಾಸನವು ಮೊದಲು ಬಂದವನಿಗೆ ಬಹುಮಾನವನ್ನು ಕೊಟ್ಟಿತೇ ಹೊರತು, ಬಲ್ಲವನನ್ನು ಬೆಳೆಯಿಸಲಿಲ್ಲವೆಂಬ ವಿಮರ್ಶೆಯೂ ಇದರಲ್ಲಡಗಿದೆ.

ಈ ನ್ಯೂನತೆಯನ್ನು ನೀಗಿದವನು ಜೇಮ್ಸ್ ಬ್ರೇಡ್‌ವುಡ್. ೧೮೨೪ ರಲ್ಲಿ ಎಡಿನ್‌ಬರೋ ನಗರದ ಅಗ್ನಿಶಾಮಕರಿಗೆ ನಾಯಕನಾದ ಈತನು ಬಡಗಿ, ಕಮ್ಮಾರ, ಗಾರೆಯವ, ಮಾಳಿಗೆ ಹೊದಿಸುವವ ಮುಂತಾದ ಕುಶಲಕರ್ಮಿಗಳನ್ನೇ ಆರಿಸಿಕೊಂಡು, ಕ್ರಮವಾಗಿ ಅಭ್ಯಾಸ ಮಾಡಿಸಿದನು. ೧೮೩೦ ರಲ್ಲಿ ಯಂತ್ರಗಳ ರಚನೆಯನ್ನೂ ಜನರ ಶಿಕ್ಷಣವನ್ನೂ ಒಂದೇ ಗ್ರಂಥದಲ್ಲಿ ನಿರೂಪಿಸಿದನು. ಎರಡನ್ನೂ ಒಂದೇ ಶಾಸ್ತ್ರವೆಂದೆಣಿಸಿದುದೇ ಈತನ ಹಿರಿಮೆ. ೧೮೩೩ ರಿಂದ ಲಂಡನ್ನಿನ ದಳಕ್ಕೆ ನಾಯಕನಾಗಿದ್ದು, ೧೮೬೧ ರ ಜೂನ್ ೨೨ ರಂದು ಟೂಲಿ ಬೀದಿಯ ಉಗ್ರಾಣಗಳ ಬೆಂಕಿಯಲ್ಲಿ ಗೋಡೆ ಕುಸಿದು ಮೃತನಾದನು. ಆ ಉಗ್ರಾಣಗಳಲ್ಲಿ ಬೆಂಕಿಯನ್ನು ತಡೆಯುವ ಕಬ್ಬಿಣದ ಬಾಗಿಲುಗಳಿದ್ದುವು. ಆದರೆ ಅವು ತೆರೆದೇ ಬಿಡಲ್ಪಟ್ಟಿದ್ದುವೆಂದು ಹೇಳುವರು. ಬೆಂಕಿಯು ಎರಡು ವಾರ ಉರಿಯಿತು. ಅನ್ಯರ ಕ್ಷೇಮಲೋಪಕ್ಕೆ ಕ್ಷೇಮಾಚಾರ್ಯನೇ ಬಲಿಯಾದಂತಾಯಿತು. ತರುವಾಯ ೧೮೬೫ ರ ಶಾಸನದಿಂದ ಲಂಡನ್ನಿನ ಅಗ್ನಿಶಾಮಕ ಕಾರ್ಯವು ಸಾರ್ವಜನಿಕ ಸೇವೆಯಾಯಿತು.

ಉಗಿಯ ಯಂತ್ರವು ೧೮೨೯ ರಲ್ಲಿ ಲಂಡನ್ನಿನಲ್ಲಿ ಬ್ರೈತ್‌ವೇಟ್ ಮತ್ತು ಎರಿಕ್‌ಸನ್ನರಿಂದ ನಿರ್ಮಿತವಾಯಿತು. ಅಮೆರಿಕದ ಸಿನ್ಸಿನಾಟಿಯು ೧೮೫೩ ರಲ್ಲಿ ವೇತನದ ದಳದೊಡನೆ ಅದನ್ನು ಅಂಗೀಕರಿಸಿತು. ಇಲ್ಲಿ ಕ್ಷೇಮವು ಇನ್ನೂ ಸೂಕ್ಷ್ಮವಾಯಿತು. ತಣ್ಣೀರಿನಿಂದ ಉಗಿಯೇಳುವುದಕ್ಕೆ ಕಾಲ ಬೇಕಾದುದರಿಂದ, ಠಾಣೆಯಲ್ಲಿ ನಿಂತಿರುವಾಗಲೂ ಬಾಯ್ಲರಿನ ನೀರನ್ನು ಬಿಸಿಯಾಗಿಟ್ಟಿರಬೇಕಾಯಿತು. ಬೆಂಕಿಯನ್ನು ಆರಿಸುವ ಯಂತ್ರವು ಅಗ್ನಿಹೋತ್ರಿಯಂತೆ ಬೆಂಕಿಯನ್ನು ಕಾಪಾಡಿಕೊಂಡಿರಬೇಕಾದ ವಿಚಿತ್ರವು ಇಲ್ಲಿ ಸಂಭವಿಸಿತು.

ಒಂದೊಂದು ಊರು ತನ್ನ ಯಂತ್ರವನ್ನು ಚೆನ್ನಾಗಿಟ್ಟುಕೊಂಡರೆ ಸಾಕೆಂಬ ಮತವೂ ನಿಲ್ಲಲಿಲ್ಲ. ೧೯೦೪ ರ ಫೆಬ್ರವರಿ ೭ ಮತ್ತು ೮ ರಲ್ಲಿ ಬಾಲ್ಟಿಮೋರ್ ನಗರವು ಉರಿಯುತ್ತಿದ್ದಾಗ ವಾಷಿಂಗ್ಟನ್, ಫಿಲಡೆಲ್ಫಿಯ, ನ್ಯೂಯಾರ್ಕ್ ನಗರಗಳಿಂದ ಯಂತ್ರಗಳು ನೆರವಿಗೆ ಬಂದುವು. ಬಂದವರ ಕೊಳವೆಯ ತಿರುಪುಗಳು ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂಡಲಿಲ್ಲ. ೧,೫೦೦ ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುವು. ಮರುವರ್ಷವೇ ಕೊಳವೆಯ ಜೋಡಣೆಗೆ ರಾಷ್ಟ್ರೀಯ ಪ್ರಮಾಣವು ನಿಶ್ಚಿತವಾಯಿತು. ವ್ಯಾಕರಣವು ಭಿನ್ನವಾದರೆ ಒಬ್ಬರ ಮಾತು ಮತ್ತೊಬ್ಬರಿಗೆ ಹೇಗೆ ಹತ್ತದೋ ಹಾಗೆಯೇ ಇದು.

ಈಗಿನ ಮೋಟಾರು ಯಂತ್ರದಲ್ಲಿ ಪಂಪೂ ನೀರಿನ ತೊಟ್ಟಿಯೂ ಬಂಡಿಯೂ ಒಂದಾಗಿರುವುದರಿಂದ ದೋಷದ ಮೂಲಗಳೂ ಹೆಚ್ಚಿವೆ. ಓಡದೆ ನಿಂತರೆ ಬ್ಯಾಟರಿಯು ಬರಿದಾಗುವುದು. ಟೈರು ಸವೆಯದಿದ್ದರೂ ಹಳೆಯದಾಗಿ ಬಿರಿಯುವುದು. ಕೆರೆಯಿಂದ ನೀರೆಳೆಯುವ ಪಂಪು ಮೊದಲು ಕೊಳವೆಯೊಳಗಿನ ಗಾಳಿಯನ್ನು ಹೊರದೂಡಬೇಕು. ಆಗ ಹೊರಗಿನ ವಾಯುಭಾರವು ನೀರನ್ನು ಮೇಲೆತ್ತುವುದು. ಜೋಡಣೆಯೊಳಗಿನ ರಬ್ಬರ್ ವಾಷರೊಂದು ಬಿರಿದು ಗಾಳಿಯು ನುಸುಳಿದರೆ, ಎಂಥ ಬಲವಾದ ಎಂಜಿನ್ನೂ ಹನಿ ನೀರನ್ನೆಳೆಯಲಾರದು. ಕೆಸರು ನೀರನ್ನೋ ಉಪ್ಪು ನೀರನ್ನೋ ಎಳೆದ ಮೇಲೆ ಪಂಪನ್ನು ಒಳ್ಳೆಯ ನೀರಿನಿಂದ ತೊಳೆಯದಿದ್ದರೆ ಅದು ಒಳಗೇ ಸವೆಯುವುದು. ಇದಕ್ಕಿಂತ ಘೋರವಾದುದು ದಾರಿಯ ಅಪಾಯ. ೪,೫೦೦ ಲೀಟರ್ ಹಿಡಿಯುವ ತೊಟ್ಟಿಯಲ್ಲಿ ನೀರೊಂದೇ ೪,೫೦೦ ಕಿಲೋಗ್ರಾಂ ತೂಗುವುದು. ತಿರುವಿನಲ್ಲಿ ವೇಗವಾಗಿ ಹೊರಳಿದರೆ ಆ ನೀರೆಲ್ಲ ಒಂದು ಮಗ್ಗುಲಿಗೆ ನುಗ್ಗಿ ಬಂಡಿಯನ್ನು ಮಗುಚುವುದು. ಅದಕ್ಕಾಗಿಯೇ ತೊಟ್ಟಿಯೊಳಗೆ ತಡೆತಗಡುಗಳನ್ನಿಡುವರು. ಆದರೂ ಅರ್ಧ ತುಂಬಿದ ತೊಟ್ಟಿಯು ತುಂಬಿದುದಕ್ಕಿಂತ ಚಂಚಲ. ಆಸನದ ಪಟ್ಟಿಯನ್ನು ಕಟ್ಟಿಕೊಳ್ಳದೆ, ಬ್ರೇಕನ್ನು ಪರೀಕ್ಷಿಸದೆ ಹೊರಟವರು ಬೆಂಕಿಯನ್ನು ಕಾಣುವ ಮೊದಲೇ ಪ್ರಾಣವನ್ನು ಕಳೆದುಕೊಂಡ ಪ್ರಸಂಗಗಳುಂಟು. ತಲಪದ ನೆರವು ನೆರವಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ೧೯೪೪ ರ ಏಪ್ರಿಲ್ ೧೪ ರಂದು ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸಿಡಿದಾಗ ೬೬ ಮಂದಿ ಅಗ್ನಿಶಾಮಕರು ಮಡಿದರು. ಎಂಥ ಪಾಲನೆಯಿಂದಲೂ ಅವರು ಉಳಿಯುತ್ತಿರಲಿಲ್ಲವಲ್ಲ ಎಂದು. ನಿಜವೇ. ಮದ್ದುಗುಂಡು ತುಂಬಿದ ಹಡಗಿನ ಮುಂದೆ ಶುಚಿಯಾದ ಪಂಪು ಏನು ಮಾಡೀತು? ಆದರೆ ದೈವವು ಕೆಲವೆಡೆ ಪ್ರಬಲವೆಂಬುದರಿಂದ ಪುರುಷಕಾರವು ವ್ಯರ್ಥವೆಂದು ಸಿದ್ಧಿಸದು. ಅನಿವಾರ್ಯವಾದ ಅಪಾಯಕ್ಕೆ ಎದೆಗೊಡುವವರಿಗೆ ನಿವಾರ್ಯವಾದ ಅಪಾಯವನ್ನು ಕೂಡಿಸಿಕೊಡುವುದು ಅನ್ಯಾಯ. ಅವರ ಸ್ಮರಣೆಗಾಗಿ ಏಪ್ರಿಲ್ ೧೪ ರಿಂದ ೨೦ ರವರೆಗೆ ಕರ್ನಾಟಕದಲ್ಲಿಯೂ ಭಾರತದ ಇತರೆಡೆಗಳಲ್ಲಿಯೂ ಅಗ್ನಿಶಾಮಕ ಸೇವಾ ಸಪ್ತಾಹವು ನಡೆಯುತ್ತದೆ. ಅದು ಗ್ರೀಷ್ಮಕಾಲವೇ ಆಗಿರುವುದು ಕೌಟಿಲ್ಯನ ವಿಧಿಗೆ ಒಪ್ಪುತ್ತದೆ.

ಕೊನೆಗೆ ಒಂದು ಮಾತು. ಅರ್ಥಶಾಸ್ತ್ರದ ಓಲೆಯ ಪ್ರತಿಯು ನಮ್ಮ ಕಾಲದವರೆಗೆ ಉಳಿದುದು ಹೇಗೆ? ಅದನ್ನು ಬರೆದವನು ಯೋಗವನ್ನು ಮಾಡಿದನು. ತಲೆತಲಾಂತರದಿಂದ ಧೂಳನ್ನೊರೆಸಿ, ಹುಳುವಿನಿಂದ ಕಾಪಾಡಿ, ಓಲೆಗಳನ್ನು ಕಟ್ಟಿಟ್ಟವರು ಕ್ಷೇಮವನ್ನು ನಡೆಯಿಸಿದರು. ಅವರ ಹೆಸರುಗಳು ನಮಗೆ ತಿಳಿಯವು. ಠಾಣೆಯಲ್ಲಿ ಬೆಳಗಾಗೆದ್ದು ಕೊಳವೆಯನ್ನು ಬಿಚ್ಚಿ ನೋಡಿ, ವಾಷರನ್ನು ಬದಲಿಸಿ, ದಿನಚರಿಯಲ್ಲಿ ಒಂದು ಸಾಲು ಬರೆಯುವವನೂ ಆ ಪರಂಪರೆಯವನೇ. ಚರಿತ್ರೆಯನ್ನು ಬರೆಯುವ ನಾವು ಅವನಿಗೂ ಒಂದು ಸಾಲನ್ನು ಮೀಸಲಾಗಿಡುವುದು ಉಚಿತವಾದುದು.